ವೈರಸ್ ಹೋಯಿತು, ಎಚ್ಚರ ಹೋಗದಿರಲಿ



ಮನೆಯಲ್ಲಿ ಯಾರದಾದರೂ ದೊಡ್ಡ ಕಾಯಿಲೆ ವಾಸಿಯಾದರೆ ನಾವು ಮೊದಲು ಏನು ಮಾಡುತ್ತೇವೆ? ಅಲ್ಲಾಹನನ್ನು ಸ್ತುತಿಸುತ್ತೇವೆ, ನೆರೆಯವರಿಗೆ ಸಿಹಿ ಹಂಚುತ್ತೇವೆ, ಆಸ್ಪತ್ರೆಯ ಫೈಲನ್ನು ಕಪಾಟಿನ ಮೇಲಿಟ್ಟು ಮರೆತುಬಿಡುತ್ತೇವೆ. ನಾವೂ ಹಾಗೆಯೇ ಮಾಡಿದೆವು. ಆ ಫೈಲನ್ನು ಮತ್ತೆ ಕೆಳಗಿಳಿಸಬೇಕಾಗಿ ಬಂದ ಪ್ರಸಂಗವನ್ನು ನಿಮಗೆ ಹೇಳಬೇಕು.

ಹುಕ್ಕೇರಿ ತಾಲೂಕಿನ ಕಣಗಲಾದಲ್ಲಿರುವ ನನ್ನ ಆಪಾಗೆ ಹೆಪಟೈಟಿಸ್ ಸಿ ಇರುವುದು 2021ರಲ್ಲಿ ಗೊತ್ತಾಯಿತು. ಸುಮಾರು ಮೂವತ್ತು ವರ್ಷಗಳ ಹಿಂದೆ ಹೆರಿಗೆಯ ವೇಳೆ ಅವರಿಗೆ ರಕ್ತ ಕೊಡಿಸಿದ್ದರು. ವಿಜ್ಞಾನಿಗಳು ಈ ವೈರಸನ್ನು ಗುರುತಿಸಿದ್ದೇ 1989ರಲ್ಲಿ. ದಾನಿಗಳ ರಕ್ತದಲ್ಲಿ ಅದನ್ನು ಹುಡುಕುವ ಪರೀಕ್ಷೆ ನಮ್ಮಲ್ಲಿ ಕಡ್ಡಾಯವಾದದ್ದು ಅನಂತರ. ಅದರಿಂದಲೇ ಬಂದಿರಬಹುದು ಎಂದರು ವೈದ್ಯರು.

ಸುದ್ದಿ ತಿಳಿದ ದಿನವೇ ಆಪಾರ ತಾಟು, ಲೋಟ ಬೇರೆಯಾದವು. ಒಂದೇ ತಾಟಿನ ಸುತ್ತ ಕೂತು ಉಣ್ಣುವ ಮನೆ ನಮ್ಮದು. ಮಕ್ಕಳಿಗೆ ಪಾಠ ಹೇಳುವ ನಾನೂ ಸುಮ್ಮನಿದ್ದೆ. ಇಂದಿಗೂ ಅದಕ್ಕೆ ನಾಚಿಕೆಯಾಗುತ್ತದೆ. ಈ ರೋಗ ರಕ್ತದಿಂದ ರಕ್ತಕ್ಕೆ ಹರಡುತ್ತದೆ; ಊಟ, ನೀರು, ಅಪ್ಪುಗೆಯಿಂದ ಹರಡುವುದಿಲ್ಲ. ಬೇರೆ ಇಡಬೇಕಾದದ್ದು ಬ್ಲೇಡು, ಉಗುರು ಕತ್ತರಿ, ಹಲ್ಲುಜ್ಜುವ ಬ್ರಷ್ ಮಾತ್ರ.

ಹಿಂದೆ ಇದಕ್ಕೆ ಆರು ತಿಂಗಳಿಂದ ಒಂದು ವರ್ಷ ಇಂಟರ್‌ಫೆರಾನ್ ಚುಚ್ಚುಮದ್ದು ಕೊಡುತ್ತಿದ್ದರು. ಜ್ವರ, ನಿಶ್ಶಕ್ತಿ ಬರುತ್ತಿತ್ತು, ತೂಕ ಇಳಿಯುತ್ತಿತ್ತು, ಕೆಲವರಿಗೆ ಥೈರಾಯ್ಡ್ ತೊಂದರೆಯೂ ಆಗುತ್ತಿತ್ತು. 2015ರಿಂದ ಸೊಫೊಸ್ಬುವಿರ್ ಎಂಬ ಮಾತ್ರೆ ಭಾರತದಲ್ಲೇ ತಯಾರಾಗಿ ಕಡಿಮೆ ಬೆಲೆಗೆ ಸಿಗತೊಡಗಿತು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಸರಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಇಂಥ ಮಾತ್ರೆಗಳು ಉಚಿತ. ಆಪಾ 12 ವಾರ ಮಾತ್ರೆ ನುಂಗಿದರು. 2022ರ ಫೆಬ್ರವರಿಯ ಪರೀಕ್ಷೆಯಲ್ಲಿ ವೈರಸ್ ಕಾಣಲಿಲ್ಲ. ಅಲ್‌ಹಮ್ದುಲಿಲ್ಲಾಹ್!

ಎರಡು ತಿಂಗಳಲ್ಲಿ ರಮಝಾನ್ ಬಂತು. ಆಪಾಗೆ ಮೊದಲೇ ಸಕ್ಕರೆ ಕಾಯಿಲೆಯಿತ್ತು. ಹಳೆಯ ಮಾತ್ರೆಯನ್ನೇ ಹಳೆಯ ಪ್ರಮಾಣದಲ್ಲೇ ತೆಗೆದುಕೊಂಡು ಉಪವಾಸ ಹಿಡಿದರು. ಒಂದು ಸಂಜೆ ಮೈಯೆಲ್ಲ ಬೆವರಿ, ಕೈ ನಡುಗಿ, ಮಾತು ತೊದಲಿತು. "ಇನ್ನ ಒಂದ ತಾಸ ಐತಿ, ತಡಕೋತೀನಿ ಬಿಡ" ಎಂದರು. ರೋಗಿಗೆ ವಿನಾಯಿತಿ ಇದೆಯೆಂದು ಪ್ರತಿವರ್ಷ ಮಕ್ಕಳಿಗೆ ಕಲಿಸುವವಳು ನಾನು. ಈ ಸಲ ಸುಮ್ಮನಿರಲಿಲ್ಲ. ಸಕ್ಕರೆ ನೀರು ಕುಡಿಸಿ ವೈದ್ಯರಲ್ಲಿಗೆ ಕರೆದೊಯ್ದೆ. ರಕ್ತದಲ್ಲಿ ಸಕ್ಕರೆ ತೀರಾ ಇಳಿದಿತ್ತು.

ವೈದ್ಯರು ವಿವರಿಸಿದರು: ಯಕೃತ್ತಿನಲ್ಲಿ ನೆಲೆಸುವ ಈ ವೈರಸ್ ಇನ್ಸುಲಿನ್ ತನ್ನ ಕೆಲಸ ಮಾಡದಂತೆ ತಡೆಯುತ್ತದೆ. ಆದ್ದರಿಂದ ಈ ರೋಗಿಗಳಲ್ಲಿ ಸಕ್ಕರೆ ಕಾಯಿಲೆ ಹೆಚ್ಚು. ವೈರಸ್ ತೊಲಗಿದಾಗ ಇನ್ಸುಲಿನ್ ಮತ್ತೆ ಚೆನ್ನಾಗಿ ಕೆಲಸ ಮಾಡಬಹುದು. ಆಗ ಹಳೆಯ ಪ್ರಮಾಣದ ಮಾತ್ರೆ ಅತಿಯಾಗುತ್ತದೆ. ಅದರ ಮೇಲೆ ಉಪವಾಸ ಬೇರೆ. ಚಿಕಿತ್ಸೆ ನಡೆಯುವಾಗಲೇ ಪದೇ ಪದೇ ಸಕ್ಕರೆ ಪರೀಕ್ಷಿಸಬೇಕಿತ್ತು.

ಕೊಲೆಸ್ಟರಾಲ್ ಕಥೆ ಇದಕ್ಕೆ ತಿರುಗುಮುರುಗು. ವೈರಸ್ ಬೆಳೆಯಲು ಯಕೃತ್ತಿನ ಕೊಬ್ಬನ್ನೇ ಬಳಸುವುದರಿಂದ ರೋಗವಿದ್ದಾಗ ರಕ್ತದ ಕೊಲೆಸ್ಟರಾಲ್ ಕಡಿಮೆ ತೋರುತ್ತದೆ. ಗುಣವಾದ ಮೇಲೆ ಏರುತ್ತದೆ. ಹಸಿವು ಮರಳಿ ಕೆಲವರ ತೂಕವೂ ಹೆಚ್ಚುತ್ತದೆ. "ಪಾಪ, ಸೊರಗಿದ್ದಾರೆ" ಎಂದು ನಾವು ಬಿರ್ಯಾನಿ, ಶೀರ್‌ಕುರ್ಮಾ ಬಡಿಸಿದ್ದೇ ಬಡಿಸಿದ್ದು! ತೂಕ ಏರಿದರೆ ಇಳಿದ ಸಕ್ಕರೆ ಮತ್ತೆ ಏರಬಹುದು, ಯಕೃತ್ತಿನಲ್ಲಿ ಕೊಬ್ಬು ಕೂಡಬಹುದು.

ಸಹೋದರಿಯರೇ, ಈ ಚಿಕಿತ್ಸೆಗೆ ಹೆದರಬೇಡಿ. ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಮಂದಿ ಗುಣಮುಖರಾಗುತ್ತಾರೆ. ಆದರೆ ಸಕ್ಕರೆ, ಕೊಲೆಸ್ಟರಾಲ್, ಹೃದಯದ ಮಾತ್ರೆಗಳಿದ್ದರೆ ಮೊದಲೇ ವೈದ್ಯರಿಗೆ ತೋರಿಸಿ. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ರಮಝಾನಿಗೆ ಮುಂಚೆ ಪ್ರಮಾಣದ ಬಗ್ಗೆ ಕೇಳಿಕೊಳ್ಳಿ. ಯಕೃತ್ತು ಗಟ್ಟಿಯಾಗಿದ್ದವರು ವೈರಸ್ ಹೋದ ಮೇಲೂ ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಮಾಡಿಸಬೇಕು. ಒಮ್ಮೆ ಗುಣವಾದವರಿಗೆ ರೋಗ ಮತ್ತೆ ತಗಲದೆಂಬ ಭರವಸೆಯೂ ಇಲ್ಲ.

ಆಪಾರ ಮಾತ್ರೆಯ ಪ್ರಮಾಣ ಈಗ ಕಡಿಮೆಯಾಗಿದೆ. ಬೆಳಿಗ್ಗೆ ಫಜ್ರ್ ನಮಾಝಿನ ಬಳಿಕ ಅವರು ಅರ್ಧ ತಾಸು ನಡೆಯುತ್ತಾರೆ. ಫೈಲು ಕಪಾಟಿನ ಮೇಲಿಲ್ಲ, ಕೈಗೆಟಕುವಲ್ಲಿದೆ. ನಾವು ಮತ್ತೆ ಒಂದೇ ತಾಟಿನಲ್ಲಿ ಉಣ್ಣುತ್ತೇವೆ. ತುಪ್ಪ ಮಾತ್ರ ಕಡಿಮೆ.