ಬಿ.ಎಚ್. ರಸ್ತೆಯ ‘ಎಚ್’ ನೋಡಿ ಬರೋಣ

ತಿಪಟೂರಿನ ಮಕ್ಕಳಿಗೆ ಒಂದು ಪ್ರಶ್ನೆ. ನೀವು ದಿನವೂ ಓಡಾಡುವ ಬಿ.ಎಚ್. ರಸ್ತೆಯಲ್ಲಿ ‘ಬಿ’ ಎಂದರೆ ಬೆಂಗಳೂರು, ಸರಿ. ‘ಎಚ್’ ಎಂದರೆ ಏನು? ನಮ್ಮ ಮನೆಯಲ್ಲಿ ಕೇಳಿದಾಗ ಏಳನೇ ತರಗತಿಯ ಮೊಮ್ಮಗಳು ‘ಹಾಸನ’ ಎಂದಳು. ಮೂರನೇ ತರಗತಿಯ ಮೊಮ್ಮಗ ‘ಹೈವೇ’ ಎಂದ. ಅವರಪ್ಪ ಮೊಬೈಲಿನಿಂದ ತಲೆ ಎತ್ತದೆ ‘ಹುಬ್ಬಳ್ಳಿ ಇರಬೇಕು’ ಎಂದ. ಮೂವರಿಗೂ ಸೊನ್ನೆ.

ಅದು ಹೊನ್ನಾವರ. ಬೆಂಗಳೂರಿನಿಂದ ಹೊರಟು ತುಮಕೂರು, ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರು, ಬೀರೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ, ಸಾಗರ ಹಾಯ್ದು, ಜೋಗದ ಪಕ್ಕದಲ್ಲೇ ಘಟ್ಟ ಇಳಿದು, ಗೇರುಸೊಪ್ಪೆಯ ಮೇಲೆ ಸಮುದ್ರದ ಬಳಿ ಹೋಗಿ ಸೇರುವ ರಸ್ತೆ ಇದು. ತುಮಕೂರಿನಿಂದ ಆಚೆಗೆ ಇದಕ್ಕೆ ಹಿಂದೆ ರಾಷ್ಟ್ರೀಯ ಹೆದ್ದಾರಿ 206 ಎಂದು ಹೆಸರಿತ್ತು. ಈಗ ಬಾಣಾವರದವರೆಗೆ 73, ಅಲ್ಲಿಂದ ಮುಂದೆ 69. ಸರ್ಕಾರ ನಂಬರು ಬದಲಾಯಿಸಿತು, ಜನರ ಬಾಯಲ್ಲಿ ಮಾತ್ರ ಬಿ.ಎಚ್. ರಸ್ತೆಯೇ ಉಳಿಯಿತು.

ಈ ರಸ್ತೆಯ ‘ಬಿ’ ಕಡೆಗೆ ನಾನು ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಮದುವೆ, ಆಸ್ಪತ್ರೆ, ಬ್ಯಾಂಕಿನ ತರಬೇತಿ, ಮಗನ ಕೆಲಸ ಎಲ್ಲವೂ ಆ ದಿಕ್ಕಿಗೇ. ‘ಎಚ್’ ಕಡೆಗೆ ಸಾಗರ ದಾಟಿದವನಲ್ಲ. ನಮ್ಮ ಸೀಮೆಯ ಬಹಳ ಹಿರಿಯರ ಕಥೆ ಇದೇ. ತೆಂಗು, ಕೊಬ್ಬರಿ, ಹಸು ಬಿಟ್ಟು ಪಶ್ಚಿಮಕ್ಕೆ ಹೋಗುವ ಕೆಲಸವೇ ಬೀಳುವುದಿಲ್ಲ.

ನನ್ನ ಅಕ್ಕನನ್ನು ತುರುವೇಕೆರೆ ಕಡೆಯ ಒಂದು ಹಳ್ಳಿಗೆ ಕೊಟ್ಟಿದೆ. ಈಗ ಎಂಬತ್ತೊಂದು ವರ್ಷ. ಭಾವ ಹೋಗಿ ಒಂಬತ್ತು ವರ್ಷವಾಯಿತು. ತೋಟ ನೋಡಿಕೊಂಡು, ಎರಡು ಹಸು ಕಟ್ಟಿಕೊಂಡು ಇದ್ದಾಳೆ. ಧರ್ಮಸ್ಥಳಕ್ಕೆ ಹೋಗಿದ್ದಾಳೆ, ತಿರುಪತಿಗೆ ಹೋಗಿದ್ದಾಳೆ, ಸಮುದ್ರ ನೋಡಿಲ್ಲ. ಹೋದ ಶ್ರಾವಣದಲ್ಲಿ ಮೊಮ್ಮಗಳು ಸಮುದ್ರದ ಚಿತ್ರ ಬರೆದು ತೋರಿಸಿದಾಗ ಅಕ್ಕ ಬಹಳ ಹೊತ್ತು ಹಾಳೆಯನ್ನು ಕೈಯಲ್ಲೇ ಹಿಡಿದುಕೊಂಡಿದ್ದಳು. ‘ಆಚೆ ದಡ ಎಲ್ಲಿ ಬರೆದಿದ್ದೀಯೇ ಮಗಾ?’ ಎಂದು ಕೇಳಿದಳು. ‘ಇಲ್ಲ ಅಜ್ಜಿ, ಆಚೆ ದಡ ಕಾಣಲ್ಲ’ ಎಂದಳು ಹುಡುಗಿ. ಅಕ್ಕ ಒಪ್ಪಲಿಲ್ಲ.

ಆವತ್ತೇ ನಾನು ಹಳೆಯ ಲೆಡ್ಜರ್ ಪುಸ್ತಕದಲ್ಲಿ ಒಂದು ಖಾಲಿ ಹಾಳೆ ತೆಗೆದು ‘ಹೊನ್ನಾವರ, ಒಂದು ದಿನ’ ಎಂದು ಬರೆದೆ. ಒಂದೇ ದಿನ ಏಕೆಂದರೆ ಅಕ್ಕನ ಹಸುಗಳನ್ನು ಪಕ್ಕದ ಮನೆಯವರು ಅದಕ್ಕಿಂತ ಹೆಚ್ಚು ದಿನ ನೋಡಿಕೊಳ್ಳುವುದು ಕಷ್ಟ. ಮಗನಿಗೆ ರಜೆಯೂ ಅಷ್ಟೇ.

ಆದರೆ ತಿಪಟೂರಿನಿಂದ ಹೊನ್ನಾವರಕ್ಕೆ ಸುಮಾರು 300 ಕಿಲೋಮೀಟರ್. ಕಾರಿನಲ್ಲಿ ಹೋಗುವುದಕ್ಕೇ ಆರೇಳು ಗಂಟೆ, ಬರುವುದಕ್ಕೆ ಮತ್ತಷ್ಟು. ಎಂಬತ್ತೊಂದರ ಸೊಂಟಕ್ಕೆ ಇದು ಆಗದ ಮಾತು. ಮಗ ‘ಟಿಟಿ ಮಾಡೋಣ, ರಾತ್ರಿ ಹನ್ನೆರಡಕ್ಕೆ ಬಿಡೋಣ’ ಎಂದ. ಡ್ರೈವರ್ ರಾತ್ರಿಯೆಲ್ಲ ಓಡಿಸಿ, ಮರುದಿನ ಮತ್ತೆ ಓಡಿಸಿ, ಆ ಘಟ್ಟದ ತಿರುವುಗಳಲ್ಲಿ ಕಣ್ಣು ಮುಚ್ಚಿದರೆ? ನಾನು ಆ ಸಾಲಿಗೆ ಕೆಂಪು ಗೆರೆ ಎಳೆದೆ.

ದಾರಿ ಸಿಕ್ಕಿದ್ದು ರೈಲಿನಲ್ಲಿ. ಮೈಸೂರಿನಿಂದ ಬೆಂಗಳೂರಿನ ಮೇಲೆ ತಾಳಗುಪ್ಪಕ್ಕೆ ಹೋಗುವ ರಾತ್ರಿ ರೈಲು ನಮ್ಮ ತಿಪಟೂರಿನ ಮೇಲೆಯೇ ಹಾಯುತ್ತದೆ. ನಡುರಾತ್ರಿ ಹತ್ತಿ ಮಲಗಿದರೆ ಬೆಳಿಗ್ಗೆ ತಾಳಗುಪ್ಪ. ರೈಲು ಹಳಿ ಅಲ್ಲಿಗೆ ಮುಗಿಯುತ್ತದೆ. ಅಲ್ಲಿಂದ ಹೊನ್ನಾವರದವರೆಗೆ ಹಳಿ ಹಾಕುವ ಮಾತು ಬಹಳ ಕಾಲದಿಂದ ಇದೆ. ಉಳಿದ 70 ಚಿಲ್ಲರೆ ಕಿಲೋಮೀಟರಿಗೆ ಅಲ್ಲಿಯ ಬಾಡಿಗೆ ವಾಹನ. ಘಟ್ಟ ಬಲ್ಲ ಡ್ರೈವರ್, ರಾತ್ರಿ ನಿದ್ದೆ ಮಾಡಿ ಎದ್ದವನು. ಸಂಜೆ ಅದೇ ದಾರಿಯಲ್ಲಿ ಹಿಂದಕ್ಕೆ, ರಾತ್ರಿ ರೈಲು, ಬೆಳಕು ಹರಿಯುವ ಮೊದಲು ತಿಪಟೂರು. ಎರಡು ರಾತ್ರಿ ರೈಲಿನಲ್ಲಿ ಮಲಗಿ, ಒಂದು ಹಗಲು ಸಮುದ್ರದ ಊರಿನಲ್ಲಿ. ಹಿರಿಯರಿಗೆ ಕೆಳಗಿನ ಬರ್ತಿನ ಕೋಟಾ ಇದೆ. ಟಿಕೆಟ್ ಮಾಡಿಸುವಾಗ ಅದನ್ನು ಕೇಳಿ ಹಾಕಿಸಿಕೊಳ್ಳಬೇಕು. ರೈಲಿನ ವೇಳೆ ಆಗಾಗ ಬದಲಾಗುತ್ತದೆ, ಹಿಂದಿನ ದಿನ ನಿಲ್ದಾಣದಲ್ಲಿ ವಿಚಾರಿಸುವುದು ಕ್ಷೇಮ.

ಯಾವ ತಿಂಗಳು? ಮಳೆಗಾಲ ಬೇಡವೇ ಬೇಡ. ಘಟ್ಟದಲ್ಲಿ ಗುಡ್ಡ ಜರಿಯುತ್ತದೆ, ಕಡಲು ಉಕ್ಕುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕರಾವಳಿಯ ಸೆಕೆ ನಮ್ಮ ಬಯಲುಸೀಮೆಯವರಿಗೆ ತಡೆಯದು. ಸಂಕ್ರಾಂತಿ ಕಳೆದ ಮೇಲೆ ಎಂದು ಗೊತ್ತು ಮಾಡಿದೆ.

ಮಕ್ಕಳೇ, ಪ್ರವಾಸ ಎಂದರೆ ನೋಡುವ ಜಾಗಗಳ ಪಟ್ಟಿ ಎಂದು ನೀವು ತಿಳಿದಿದ್ದೀರಿ. ನನ್ನ ಪ್ರಕಾರ ಬಿಡುವ ಜಾಗಗಳ ಪಟ್ಟಿ ಮೊದಲು ಆಗಬೇಕು. ಮುರುಡೇಶ್ವರ ಬಿಟ್ಟೆ. ಕುಮಟೆಯ ಆಚೆಗಿರುವ ಮಿರ್ಜಾನ್ ಕೋಟೆ ಬಿಟ್ಟೆ. ಜೋಗ ದಾರಿಯಲ್ಲೇ ಸಿಗುತ್ತದೆ, ಹತ್ತು ನಿಮಿಷ ನಿಲ್ಲಬಹುದು. ಜನವರಿಯಲ್ಲಿ 253 ಮೀಟರಿನ ಬಂಡೆ ಪೂರ್ತಿ ಕಾಣುತ್ತದೆ, ನೀರು ಮಾತ್ರ ಎಳೆಯಷ್ಟು. ಮೊಮ್ಮಗನಿಗೆ ಮುಖ ಸಣ್ಣದಾಯಿತು. ಆದರೆ ಅವನಿಗೆ ಒಂದು ಕೆಲಸ ಕೊಟ್ಟಿದ್ದೇನೆ. ಜೋಗದಲ್ಲಿ ಬೀಳುವ ಶರಾವತಿಯೇ ನಮ್ಮ ಜೊತೆ ಘಟ್ಟ ಇಳಿದು ಹೊನ್ನಾವರದಲ್ಲಿ ಸಮುದ್ರ ಸೇರುತ್ತದೆ. ದಾರಿಯಲ್ಲಿ ನದಿ ಎಷ್ಟು ಸಲ ಕಣ್ಣಿಗೆ ಬೀಳುತ್ತದೆ ಎಂದು ಅವನು ಎಣಿಸಬೇಕು.

ಇಲ್ಲಿ ಇನ್ನೊಂದು ಸ್ವಾರಸ್ಯ. ತುರುವೇಕೆರೆ ಕಡೆ ಬಿದ್ದ ಮಳೆ ಶಿಂಷೆ ಸೇರಿ, ಕಾವೇರಿ ಸೇರಿ, ಪೂರ್ವದ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಶರಾವತಿ ಪಶ್ಚಿಮದ ಅರಬ್ಬೀ ಸಮುದ್ರಕ್ಕೆ. ಅಂದರೆ ಒಂದು ರಾತ್ರಿ ರೈಲಿನಲ್ಲಿ ಮಲಗಿ ಏಳುವುದರೊಳಗೆ ನೀರು ಹರಿಯುವ ದಿಕ್ಕೇ ತಿರುಗಿರುತ್ತದೆ. ಮೊಮ್ಮಗಳಿಗೆ ಇದನ್ನು ಭೂಪಟದಲ್ಲಿ ತೋರಿಸಿದೆ. ಅಕ್ಕನಿಗೆ ಹೇಳಿದಾಗ ‘ಯಾವ ಕಡೆ ಹೋದ್ರೂ ನಮ್ಮ ಕೆರೆ ತುಂಬ್ಲಿ ಮೊದ್ಲು’ ಎಂದಳು.

ಘಟ್ಟದ ಬುಡದಲ್ಲಿ ಗೇರುಸೊಪ್ಪೆ. ಇಲ್ಲಿಂದ ಆಳಿದ ರಾಣಿ ಚೆನ್ನಭೈರಾದೇವಿ 1552ರಿಂದ 1606ರವರೆಗೆ, 54 ವರ್ಷ ರಾಜ್ಯ ನಡೆಸಿದಳು. ಸುತ್ತಲಿನ ಕಾಡಿನ ಕಾಳುಮೆಣಸು ಅವಳ ಕೈಯಲ್ಲಿತ್ತು. ಅದಕ್ಕೇ ಪೋರ್ಚುಗೀಸರು ಅವಳನ್ನು ‘ಮೆಣಸಿನ ರಾಣಿ’ ಎಂದರು. ಮೆಣಸು ಕೊಳ್ಳಲು ಅವರಿಗೆ ಅವಳು ಬೇಕು, ಬಗ್ಗಿಸಲು ಹೋದರೆ ಬಗ್ಗಳು. ಕೊನೆಗೆ ಅವಳನ್ನು ಸೋಲಿಸಿದವರು ಪೋರ್ಚುಗೀಸರಲ್ಲ, ನಮ್ಮವರೇ ಆದ ಕೆಳದಿಯ ನಾಯಕರು. ನದಿಯಾಚೆ ಕಾಡಿನ ನಡುವೆ ನಾಲ್ಕು ಮುಖದ ಬಸದಿ ಇದೆ, ಕಲ್ಲಿನದು, ಬಹಳ ಸೊಗಸಾದುದು. ಅಕ್ಕನ ಮಂಡಿ ನೆನೆದು ಅದನ್ನೂ ಬಿಟ್ಟೆ. ಯುವಕರು ಹೋದರೆ ತಪ್ಪದೆ ನೋಡಿ.

ಇನ್ನು ಹೊನ್ನಾವರ. ಚಿತ್ರದುರ್ಗದಂಥ ಕೋಟೆ ಕಾಣುತ್ತದೆಂದು ಹೋದರೆ ನಿರಾಶೆಯಾದೀತು. ಈ ಊರಿನ ಇತಿಹಾಸ ನಿಂತಿರುವುದು ಅದರ ಅಳಿವೆಯಲ್ಲಿ, ಅಂದರೆ ನದಿ ಕಡಲಿಗೆ ಬಾಯಿ ತೆರೆಯುವ ಜಾಗದಲ್ಲಿ. ಹಡಗು ಬಂದು ಗಾಳಿಯಿಂದ ಮರೆಯಾಗಿ ನಿಲ್ಲಲು ಒಳ್ಳೆಯ ತಾಣ. ಘಟ್ಟದ ಮೆಣಸು ಇಲ್ಲಿಂದಲೇ ಹೊರದೇಶಗಳಿಗೆ ಹೋಗುತ್ತಿತ್ತು. 1510ರಲ್ಲಿ ಗೋವಾ ಹಿಡಿಯಲು ಪೋರ್ಚುಗೀಸರ ಆಲ್ಬುಕರ್ಕ್‌ಗೆ ಹಡಗು, ಜನ ಕೊಟ್ಟು ನೆರವಾದ ತಿಮ್ಮಯ್ಯ ಎಂಬ ನಾವಿಕ ಈ ಊರಿನವನು. ಅದೇ ಪೋರ್ಚುಗೀಸರು 1569ರಲ್ಲಿ ಊರನ್ನೇ ಸುಟ್ಟರು. ಸಾಲ ಕೊಡುವಾಗ ಮುಖ ನೋಡಿ ಕೊಡಬೇಕು ಎಂದು ನಮ್ಮ ಹಳೆಯ ಮ್ಯಾನೇಜರರು ಹೇಳುತ್ತಿದ್ದುದು ನೆನಪಾಗುತ್ತದೆ.

ಅದಕ್ಕೂ ಹಿಂದೆ, 1340ರ ದಶಕದಲ್ಲಿ, ಇಬ್ನ್ ಬತೂತ ಎಂಬ ಮೊರಾಕೊ ದೇಶದ ಪ್ರವಾಸಿ ಇಲ್ಲಿಗೆ ಬಂದಿದ್ದ. ಊರಿನಲ್ಲಿ ಹುಡುಗರಿಗೆ 23 ಶಾಲೆ, ಹುಡುಗಿಯರಿಗೆ 13 ಶಾಲೆ ಕಂಡೆ ಎಂದು ಬರೆದಿಟ್ಟಿದ್ದಾನೆ. ಸುಮಾರು 680 ವರ್ಷಗಳ ಹಿಂದೆ ಹುಡುಗಿಯರಿಗೇ 13 ಶಾಲೆ! ಇದನ್ನು ಕೇಳಿದ ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಅವಳನ್ನು ಎರಡನೇ ಇಯತ್ತೆಗೇ ಶಾಲೆ ಬಿಡಿಸಿದ್ದರು. ನನ್ನನ್ನು ಬಿ.ಕಾಂ.ವರೆಗೆ ಓದಿಸಿದರು. ‘ಆ ಊರು ನೋಡ್ಬೇಕಲ್ಲೋ ಹಂಗಾದ್ರೆ’ ಎಂದಳು. ಅಲ್ಲಿಯವರೆಗೆ ‘ನೀರಲ್ಲಿ ಏನೈತೆ ನೋಡಕ್ಕೆ, ಕೆರೆ ಕೋಡಿ ಬಿದ್ದಾಗ ನೋಡಿಲ್ವೆ?’ ಎಂದು ತಳ್ಳಿಹಾಕುತ್ತಿದ್ದವಳು.

ಆ ಪ್ರವಾಸಿ ತನ್ನ ಬರಹದಲ್ಲಿ ತೆಂಗಿನಕಾಯಿಯನ್ನೂ ಬಣ್ಣಿಸಿದ್ದಾನೆ. ಅವನ ಕಣ್ಣಿಗೆ ಅದು ಮನುಷ್ಯನ ತಲೆಯ ಹಾಗೆ ಕಂಡಿತು. ಕಣ್ಣಿದೆ, ಬಾಯಿದೆ, ಕೂದಲಿನಂಥ ನಾರಿದೆ. ಆ ನಾರಿನ ಹಗ್ಗದಿಂದ ಹಡಗಿನ ಹಲಗೆಗಳನ್ನು ಮೊಳೆಯಿಲ್ಲದೆ ಹೊಲಿಯುತ್ತಾರೆ ಎಂದೂ ಬರೆದಿದ್ದಾನೆ. ಮೊಳೆ ಉಪ್ಪುನೀರಿಗೆ ತುಕ್ಕು ಹಿಡಿಯುತ್ತದೆ, ನಾರು ಅಷ್ಟು ಬೇಗ ಕೊಳೆಯುವುದಿಲ್ಲ. ನಮ್ಮ ಕಡೆ ಮಟ್ಟೆ ಸುಲಿದು ನಾರು ಹೊಸೆಯುವವರಿಗೆ ಅದು ಹಸು ಕಟ್ಟುವ ಹಗ್ಗ. ಅವರಿಗೆ ಅದು ಹಡಗು ಕಟ್ಟುವ ಹಗ್ಗ.

ತೆಂಗಿನ ವಿಷಯದಲ್ಲಿ ಕರಾವಳಿಯವರಿಗೂ ನಮಗೂ ಒಂದು ವ್ಯತ್ಯಾಸವಿದೆ, ಮಕ್ಕಳು ಗಮನಿಸಿ. ಅವರು ಕಾಯಿ ಕಿತ್ತು, ತುರಿದು, ಅಂದಿನ ಅಡುಗೆಗೆ ಬಳಸುವುದೇ ಹೆಚ್ಚು. ನಾವು ಕಾಯಿಯನ್ನು ಎಂಟು, ಹತ್ತು ತಿಂಗಳು ಅಟ್ಟದ ಮೇಲೆ ಇಟ್ಟು, ಒಳಗಿನ ನೀರು ಪೂರ್ತಿ ಇಂಗಿ ‘ಗಳ ಗಳ’ ಎಂದ ಮೇಲೆ ಒಡೆದು ಉಂಡೆ ಕೊಬ್ಬರಿ ಮಾಡುತ್ತೇವೆ. ಕರಾವಳಿಯ ತೇವದ ಗಾಳಿಯಲ್ಲಿ ಇದು ಸುಲಭವಲ್ಲ. ತಿಪಟೂರಿನ ಒಣ ಹವೆಯೇ ನಮ್ಮ ಬಂಡವಾಳ.

ಊರಿನಲ್ಲಿ ನಮ್ಮ ವೇಳಾಪಟ್ಟಿ ಹೀಗಿದೆ. ಮೊದಲು ಶರಾವತಿ ಸೇತುವೆ. ಅದರ ಮೇಲಿಂದ ಕೊಂಕಣ ರೈಲ್ವೆಯ ಸೇತುವೆ ಕಾಣುತ್ತದೆ, ಎರಡು ಕಿಲೋಮೀಟರಿಗೂ ಉದ್ದ. ಆ ಮಾರ್ಗದ ಸೇತುವೆಗಳಲ್ಲೇ ಉದ್ದದ್ದು. ಸೇತುವೆ ದಾಟಿದರೆ ಕಾಸರಕೋಡು. ಕೇರಳದ ಕಾಸರಗೋಡಲ್ಲ, ಇದು ಬೇರೆ. ಇಲ್ಲಿ ಅಳಿವೆಯ ಹಿನ್ನೀರಿನಲ್ಲಿ ಕಾಂಡ್ಲಾ ಗಿಡಗಳ ಕಾಡು ಇದೆ, ನಡುವೆ ಮರದ ಹಲಗೆಯ ಕಾಲುದಾರಿ ಮಾಡಿದ್ದಾರೆ. ಕಾಂಡ್ಲಾದ ಬೇರುಗಳು ಕೆಸರಿನಿಂದ ಮೇಲಕ್ಕೆ ಎದ್ದು ಉಸಿರಾಡುತ್ತವೆ. ಬೇರು ಮೇಲಕ್ಕೆ ಬೆಳೆಯುವುದನ್ನು ತೆಂಗಿನ ತೋಟದ ಮಕ್ಕಳು ನೋಡಿರಲಾರರು.

ಅನಂತರ ಕಾಸರಕೋಡಿನ ಕಡಲತೀರ. ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಕೊಡುವ ‘ನೀಲಿ ಬಾವುಟ’ ಎಂಬ ಅಂತರರಾಷ್ಟ್ರೀಯ ಮನ್ನಣೆ 2020ರಲ್ಲಿ ಭಾರತದ 8 ತೀರಗಳಿಗೆ ಬಂತು. ಕರ್ನಾಟಕದ ಎರಡರಲ್ಲಿ ಇದೊಂದು, ಪಡುಬಿದ್ರಿ ಇನ್ನೊಂದು. ಆ ಬಾವುಟ ಸಿಗಬೇಕಾದರೆ ನೀರಿನ ಪರೀಕ್ಷೆ ಆಗುತ್ತಿರಬೇಕು, ಜೀವರಕ್ಷಕರು ಇರಬೇಕು, ಶೌಚಾಲಯ ಇರಬೇಕು. ಅಜ್ಜ ಅಜ್ಜಿಯರೇ, ಕೊನೆಯದು ಓದಿ ನಗಬೇಡಿ. ನಮ್ಮ ವಯಸ್ಸಿನಲ್ಲಿ ಪ್ರವಾಸ ನಿಲ್ಲುವುದೂ ನಡೆಯುವುದೂ ಅದರ ಮೇಲೆ.

ಸಮುದ್ರದ ಬಳಿ ನಮ್ಮ ಮನೆಯ ಕಾನೂನು ಕಟ್ಟುನಿಟ್ಟು. ಮೊಣಕಾಲಿನ ಮೇಲೆ ನೀರು ಬರಕೂಡದು. ಬೆನ್ನು ಸಮುದ್ರಕ್ಕೆ ತಿರುಗಿಸಿ ಫೋಟೊಗೆ ನಿಲ್ಲಕೂಡದು. ಬಂಡೆ ಹತ್ತಕೂಡದು. ಜೀವರಕ್ಷಕರು ಸೀಟಿ ಊದಿದರೆ ವಾದ ಮಾಡದೆ ಹಿಂದಕ್ಕೆ. ಕೆರೆಯಲ್ಲಿ ಈಜು ಕಲಿತವರು ಕಡಲಿನಲ್ಲಿ ಮೋಸಹೋಗುವುದೇ ಹೆಚ್ಚು, ಏಕೆಂದರೆ ಕೆರೆಯ ನೀರು ಕಾಲು ಹಿಡಿದು ಒಳಕ್ಕೆ ಎಳೆಯುವುದಿಲ್ಲ. ಉಬ್ಬರ, ಇಳಿತ ಎರಡೂ ದಿನಕ್ಕೆ ಎರಡೆರಡು ಸಲ ಬರುತ್ತವೆ, ಪ್ರತಿದಿನ ಮುಕ್ಕಾಲು ಗಂಟೆಯಷ್ಟು ತಡವಾಗಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಜೋರು. ಆದ್ದರಿಂದ ಪಂಚಾಂಗ ನೋಡಿ ಅಷ್ಟಮಿಯ ಹತ್ತಿರದ ದಿನ ಹಿಡಿದಿದ್ದೇನೆ.

ಅಕ್ಕನಿಗೆ ಒಂದು ಮಡಚುವ ಕುರ್ಚಿ. ತೇವದ ಮರಳಿನ ಅಂಚಿನಲ್ಲಿ ಹಾಕಿ ಕೂರಿಸುವುದು, ಅಲೆ ಬಂದು ಪಾದ ಮುಟ್ಟಿ ಹೋಗುವಷ್ಟು ದೂರದಲ್ಲಿ. ಎರಡು ಗಂಟೆ ಅಲ್ಲಿಗೇ ಮೀಸಲು, ಆ ಹೊತ್ತಿನಲ್ಲಿ ಬೇರೆ ಯಾವ ‘ಪಾಯಿಂಟ್’ ಇಲ್ಲ. ಮಗ ಅಪ್ಸರಕೊಂಡದ ಜಲಪಾತ ಹತ್ತಿರದಲ್ಲೇ ಇದೆ ಎಂದ. ಇರಲಿ, ಅವನೂ ಮಕ್ಕಳೂ ಹೋಗಿ ಬರಲಿ. ನಾನು ಅಕ್ಕನ ಪಕ್ಕದಲ್ಲಿ ಇರುತ್ತೇನೆ.

ಮಧ್ಯಾಹ್ನದ ಊಟ ಹೊನ್ನಾವರದಲ್ಲೇ. ರೈಲಿಗೆ ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ, ಬಾಳೆಹಣ್ಣು. ಘಟ್ಟದಲ್ಲಿ ಮೊಮ್ಮಗನಿಗೆ ವಾಂತಿಯಾಗುವ ಸಂಭವವಿದೆ, ನಿಂಬೆಹಣ್ಣು, ಕವರು. ಅಕ್ಕನ ಬಿಪಿ ಮಾತ್ರೆ ಎರಡು ಕಡೆ ಇಡಬೇಕು, ಒಂದು ಅವಳ ಸಂಚಿಯಲ್ಲಿ, ಒಂದು ನನ್ನ ಜೇಬಿನಲ್ಲಿ.

ಟಿಕೆಟ್ ಆಗಿದೆ. ಎಲ್ಲ ಹೇಳಿದ ಮೇಲೆ ಅಕ್ಕ ಒಂದೇ ಷರತ್ತು ಹಾಕಿದ್ದಾಳೆ. ಸಮುದ್ರರಾಜನಿಗೆ ಅರ್ಪಿಸಲು ಅವಳ ತೋಟದ ಒಂದು ಕಾಯಿ ತೆಗೆದುಕೊಂಡು ಹೋಗಬೇಕಂತೆ. ನೂಲ ಹುಣ್ಣಿಮೆಗೆ ಮೀನುಗಾರರು ಕಡಲಿಗೆ ಕಾಯಿ ಅರ್ಪಿಸುವುದನ್ನು ಯಾರೋ ಹೇಳಿದ್ದರಂತೆ. ‘ಅಲ್ಲೇ ದಂಡೆ ತುಂಬಾ ತೆಂಗಿದೆಯಲ್ಲ ಅಕ್ಕ, ಇಲ್ಲಿಂದ ಯಾಕೆ ಹೊರೋದು?’ ಎಂದೆ. ‘ಅಲ್ಲಿರೋದು ಅವ್ರದು. ನಾನು ಬರಿಗೈಲಿ ಹೋಗ್ಲಾ?’ ಎಂದಳು. ಭಾವ ನೆಟ್ಟ ಸಾಲಿನ ಮರದ ಕಾಯಿಯನ್ನು ಬೇರೆಯಾಗಿ ಎತ್ತಿಟ್ಟಿದ್ದಾಳೆ. ಅದು ಸಮುದ್ರದಲ್ಲಿ ಮುಳುಗುತ್ತದೋ ತೇಲುತ್ತದೋ ಎಂದು ಮೊಮ್ಮಕ್ಕಳಿಬ್ಬರೂ ಐದೈದು ರೂಪಾಯಿ ಪಂದ್ಯ ಕಟ್ಟಿದ್ದಾರೆ. ಎರಡು ನಾಣ್ಯಗಳೂ ನನ್ನ ಬಳಿ ಠೇವಣಿ ಇವೆ, ಲೆಡ್ಜರಿನಲ್ಲಿ ಜಮಾ ಮಾಡಿಕೊಂಡಿದ್ದೇನೆ.