ಬೆರಳು ಕಲಿತ ಪಾಠ

ಕನ್ನಡ ಭಾಷೆಯಲ್ಲಿ ಕಣ್ಣಿಗೆ ದೊರೆತಿರುವ ಅಧಿಕಾರ ಸಾಮಾನ್ಯವಾದುದಲ್ಲ. ಸಾರನ್ನು ರುಚಿ ನೋಡಬೇಕು, ಹೂವನ್ನು ಮೂಸಿ ನೋಡಬೇಕು, ಸೀರೆಯ ಸೆರಗನ್ನು ಮುಟ್ಟಿ ನೋಡಬೇಕು. ದುಡಿಯುವವು ನಾಲಗೆ, ಮೂಗು, ಚರ್ಮಗಳು. ಕೀರ್ತಿ ಮಾತ್ರ ಕಣ್ಣಿಗೆ! ಮನೆಯನ್ನಂತೂ ಕಟ್ಟಿಯೇ ನೋಡಬೇಕೆಂದು ಗಾದೆಯೇ ಇದೆ. ಆದರೆ ಮನೆಯಲ್ಲಿ ಬಾಳುವವನು ಕಣ್ಣೊಂದರಿಂದಲೇ ಬಾಳುವನೆ? ನಡುರಾತ್ರಿ ದೀಪವಿಲ್ಲದೆ ನೀರಿನ ಹೂಜಿಯನ್ನು ಅರಸಿ ಹೊರಟವನಿಗೆ ದಾರಿ ತೋರುವುದು ಅಂಗಾಲಿಗೆ ತಾಗುವ ನೆಲದ ತಂಪು, ಕೈಗೆ ಸಿಗುವ ಬಾಗಿಲ ಚೌಕಟ್ಟು, ಗೋಡೆಗೆ ತಾಗಿ ಮರಳುವ ಹೆಜ್ಜೆಯ ಸಪ್ಪಳ.

ಈ ಸರಳ ಸಂಗತಿಯನ್ನು ತರಗತಿಯ ಪಾಠವಾಗಿಸಿದವನು ಹಂಗೆರಿಯ ಲಾಸ್ಲೋ ಮೊಹೊಲಿ-ನಾಗಿ. ವಾಲ್ಟರ್ ಗ್ರೋಪಿಯಸ್ 1919ರಲ್ಲಿ ಜರ್ಮನಿಯ ವೈಮಾರ್ ನಗರದಲ್ಲಿ ಸ್ಥಾಪಿಸಿದ ಬೌಹೌಸ್ ಕಲಾಶಾಲೆಗೆ ಈತ 1923ರಲ್ಲಿ ಅಧ್ಯಾಪಕನಾಗಿ ಬಂದನು. 1925ರಲ್ಲಿ ಶಾಲೆಯು ಡೆಸ್ಸೌ ನಗರಕ್ಕೆ ಸ್ಥಳಾಂತರಗೊಂಡಿತು. ಅವನ ವಿದ್ಯಾರ್ಥಿಗಳು ಸ್ಪರ್ಶಫಲಕಗಳನ್ನು ರಚಿಸುತ್ತಿದ್ದರು. ಒರಟು, ನುಣುಪು, ಮೆದು, ಗಡಸು ವಸ್ತುಗಳ ತುಣುಕುಗಳನ್ನು ಕ್ರಮವಾಗಿ ಜೋಡಿಸಿ, ಅವುಗಳ ಮೇಲೆ ಬೆರಳಾಡಿಸಿ, ಬೆರಳು ಕಂಡುದನ್ನು ಗುರುತಿಸುವುದೇ ಅಭ್ಯಾಸ. ಅವನ ಈ ಬೋಧನೆಗಳು 1929ರಲ್ಲಿ ಜರ್ಮನ್ ಗ್ರಂಥವಾಗಿ ಪ್ರಕಟವಾದವು. ಅದರ ಹೆಸರನ್ನು ‘ವಸ್ತುವಿನಿಂದ ವಾಸ್ತುವಿಗೆ’ ಎಂದು ಕನ್ನಡಿಸಬಹುದು. ನಾಲ್ಕು ಗೋಡೆಗಳ ನಡುವೆ ಮಿಕ್ಕ ಬರಿದೇ ಅವಕಾಶವಲ್ಲ. ವಸ್ತುಗಳ ಇರವಿಗೆ ಪರಸ್ಪರವಿರುವ ಸಂಬಂಧವೇ ಅವಕಾಶ. ಅದನ್ನು ಕಣ್ಣು, ಕಿವಿ, ಸ್ಪರ್ಶ, ಚಲನೆ, ದೇಹದ ಸಮತೋಲ ಇವೆಲ್ಲವೂ ಕೂಡಿ ಅರಿಯುತ್ತವೆಂಬುದು ಅವನ ಮತ.

ಈ ಪಾಠವನ್ನು ಮನಸಾರೆ ಕಲಿತವಳು ಒಟ್ಟಿ ಬೆರ್ಗರ್. ಆಕೆಗೆ ಕಿವಿ ಮಂದ. 1928ರಲ್ಲಿ ಆಕೆ ರಚಿಸಿದ ಫಲಕದಲ್ಲಿ ಲೋಹದ ಜಾಲರಿಯ ಮೇಲೆ ಬಗೆಬಗೆಯ ನೂಲುಗಳು ತ್ರಿಕೋನಗಳಾಗಿ ಸಾಲುಗೊಂಡಿವೆ. ಮುಂದೆ ಆಕೆ ನೇಯ್ಗೆಯಲ್ಲಿ ಪರಿಣತಳಾದಳು. ಪರದೆಯಾಗಲಿ, ಕುರ್ಚಿಯ ಹೊದಿಕೆಯಾಗಲಿ, ಕೋಣೆಯ ಅಂಗವೇ ಹೊರತು ಅಲಂಕಾರವಲ್ಲ. ಬಟ್ಟೆಯನ್ನು ಬುದ್ಧಿಯಿಂದ ಗ್ರಹಿಸಿದರೆ ಸಾಲದು, ಕೈಯಿಂದ ಅರಿಯಬೇಕು ಎಂಬುದು ಆಕೆಯ ನಿಲುವಾಗಿತ್ತು.

ಆದರೆ ಕಾಲಕ್ಕೆ ಇಂಥ ಸೂಕ್ಷ್ಮ ಬೇಕಾಗಿರಲಿಲ್ಲ. ನಾಜಿಗಳ ಒತ್ತಡದಿಂದ 1933ರಲ್ಲಿ ಬೌಹೌಸ್ ಮುಚ್ಚಿತು. ಯೆಹೂದಿಯಾದ ಬೆರ್ಗರಳಿಗೆ 1936ರಲ್ಲಿ ಜರ್ಮನಿಯಲ್ಲಿ ಕೆಲಸ ಮಾಡುವ ಹಕ್ಕೇ ತಪ್ಪಿತು. ಆಕೆ ಲಂಡನ್ನಿಗೆ ಹೋದಳು. 1937ರಲ್ಲಿ ಷಿಕಾಗೋದಲ್ಲಿ ಹೊಸ ಬೌಹೌಸ್ ತೆರೆದ ಗುರುವಿನಿಂದ ಕರೆಯೂ ಬಂದಿತು. ಅಷ್ಟರಲ್ಲಿ ತಾಯಿಗೆ ಕಾಯಿಲೆ. 1938ರಲ್ಲಿ ಮಗಳು ಯುಗೋಸ್ಲಾವಿಯಾದ ತವರಿಗೆ ಮರಳಿದಳು, ಮತ್ತೆ ಹೊರಡಲಾಗಲಿಲ್ಲ. 1944ರಲ್ಲಿ ಆಷ್‌ವಿಟ್ಸ್ ಶಿಬಿರದಲ್ಲಿ ಆಕೆಯ ಕೊಲೆಯಾಯಿತು.

ಕುಶಲವಾದ ಆ ಕೈ ಉಳಿಯಲಿಲ್ಲ. ಅದು ಮಾಡಿದ ಫಲಕ ಬರ್ಲಿನ್ನಿನ ಬೌಹೌಸ್ ಸಂಗ್ರಹದಲ್ಲಿ ಉಳಿದಿದೆ. ಮುಟ್ಟಲೆಂದೇ ಮಾಡಿದ ವಸ್ತು ಇಂದು ಸಂಗ್ರಹಾಲಯದ ಒಡವೆಯಾಗಿ ಕಣ್ಣಿನ ಪಾಲಾಗಿದೆ.