ಹುಣಸಿಹಣ್ಣು ಹಚ್ಚಿ ತೊಳೆದ ಪಾನ್‌ದಾನ

ಇದು ಬರೀಲೋ ಬ್ಯಾಡೋ ಅಂತ ಭಾಳ ದಿನ ವಿಚಾರ ಮಾಡ್ದೆ. ಯಾಕಂದ್ರ ತಪ್ಪು ನಂದೇ ಅದ. ಆದ್ರ ನಿಮ್ಮನ್ಯಾಗೂ ಇಂಥ ಸಾಮಾನ ಇದ್ದೇ ಇರ್ತಾವ, ನಿಮ್ಮ ಕೈಯ್ಯಾಗಾದ್ರೂ ಕೆಡಬಾರದು ಅಂತ ಬರ್ಲತೀನಿ.

ಹೋದ ಸಲ ಎಳ್ಳಮಾಸಿ ಮುಂಚಿನ ದಿನ. ನಿಮಗ ಗೊತ್ತೇ ಅದ, ನಮ್ಮ ಜನವಾಡ ಕಡಿ ಅವತ್ತು ಒಲಿ ಮುಂದ ಕುಂತೋಳು ಏಳಂಗಿಲ್ಲ. ಭಜ್ಜಿಗಿ ಹುಣಸಿಹಣ್ಣು ನೆನಿ ಇಟ್ಟಿದ್ದೆ. ರಸ ಹಿಂಡಿ ತಕ್ಕೊಂಡ ಮ್ಯಾಲ ಉಳಿದ ನಾರು-ಸಿಪ್ಪಿ ಚೆಲ್ಲೋದ್ಯಾಕ ಅಂತ ಅದಕ್ಕ ಜರಾ ಉಪ್ಪು, ಒಲಿ ಬೂದಿ ಕೂಡ್ಸಿ ತಾಮ್ರದ ಬಿಂದಗಿ, ಹಿತ್ತಾಳಿ ಗಂಗಾಳ, ದೇವರ ದೀಪ ಎಲ್ಲಾ ತಿಕ್ಕಿದೆ. ಥಳಥಳ ಹೊಳೀಲತಿದ್ದವು. ಕೈ ಹುರುಪಿನ್ಯಾಗ ಇತ್ತು. ಗ್ವಾಡಿ ಗೂಡಿನ್ಯಾಗ ನಮ್ಮತ್ತಿಯವರ ಪಾನ್‌ದಾನ ಕಂಡಿತು. ಕರ್ರಗ, ಧೂಳ ಹಿಡ್ದು ಕುಂತಿತ್ತು. ಅದನ್ನೂ ತಕ್ಕೊಂಡು ತಿಕ್ಕೇ ತಿಕ್ಕಿದೆ.

ನೀರ ಹಾಕಿ ತೊಳದ್ರ ಕರೀದು ಹೋಗ್ಯದ! ಬೂದಿ ಬಣ್ಣ ಬಂದದ. ಮ್ಯಾಲಿನ ಬೆಳ್ಳಿ ಹೂಬಳ್ಳಿ ಯಾವ್ದು, ಕೆಳಗಿನ ಡಬ್ಬಿ ಯಾವ್ದು ಒಂದೂ ತಿಳೀವಲ್ದು. ಎದಿ ಧಸಕ್ಕಂತು.

ಅದು ಬಿದ್ರಿ ಪಾನ್‌ದಾನ. ನಮ್ಮತ್ತಿಗಿ ಅವ್ರ ಅತ್ತಿ ಕೊಟ್ಟಿದ್ದು. ನಮ್ಮತ್ತಿ ಎಲಿ-ಅಡಕಿ ಬಿಟ್ಟು ಹತ್ತ ವರ್ಷ ಆಯ್ತು, ಈಗ ಅದರಾಗ ಬಿಪಿ ಗುಳಗಿ, ಸೂಜಿ-ದಾರ, ಮೊಮ್ಮಕ್ಕಳಿಗಿ ಕೊಡ್ಲಾಕ ಹತ್ತ ರೂಪಾಯಿ ನೋಟು ಇರ್ತಾವ. ದಿನಕ್ಕ ನಾಕ್ ಸಲ ಅದರ ಮುಚ್ಚಳ ಟಕ್ ಅಂದ್ರೇನೇ ಮನ್ಯಾಗ ಅತ್ತಿ ಆರಾಮ ಹಾರ ಅಂತ ನಮಗ ಗೊತ್ತಾಗೋದು.

ಅವ್ರು ನೋಡಿದ್ರು. ಬೈತಾರಂತ ಅಂಜಿದ್ದೆ. ಬೈಲಿಲ್ಲ. ಕೈಯ್ಯಾಗ ಹಿಡ್ದು ಎರಡ ಸಲ ತಿರುಗಿಸಿ ನೋಡಿ, ಗೂಡಿನ್ಯಾಗ ಇಟ್ಟು, "ಭಜ್ಜಿಗಿ ಕಾಳ ಬೆಂದಾವೇನ ನೋಡು" ಅಂದ್ರು. ಬೈದಿದ್ರ ಛಲೋ ಇರ್ತಿತ್ತು.

ಆ ರಾತ್ರಿ ಅಡಗಿ ನಾವಿಬ್ರೇ ಮಾಡಿದ್ದು. ದೊಡ್ಡ ಗುಂಡಿ ತುಂಬ ಭಜ್ಜಿ. ಹಸಿ ತೊಗರಿಕಾಳು, ಅವರಿಕಾಳು, ಬಟಾಣಿ, ಹಸಿ ಕಡ್ಲಿ, ಶೇಂಗಾ ಬ್ಯಾರೆ ಕುದಿಸೋದು. ಮೆಂತೆ, ಪಾಲಕ, ಚುಕ್ಕಾ, ಉಳ್ಳಾಗಡ್ಡಿ ತಪ್ಪಲ ಸಣ್ಣಗ ಹೆಚ್ಚೋದು. ಬದನಿಕಾಯಿ, ಗಜ್ಜರಿ ಹೋಳು. ಎಲ್ಲಾ ಕೂಡಿ ಕುದಿಯೋವಾಗ ಕಡ್ಲಿಹಿಟ್ಟು ನೀರಿನ್ಯಾಗ ಕಲಸಿ ಹುಯ್ಯಬೇಕು, ಗಂಟ ಆಗ್ದಂಗ ಕೈ ಆಡಸ್ತಾನೇ ಇರಬೇಕು. ಕಡೀಕ ಹಸಿಮೆಣಸಿನಕಾಯಿ-ಬಳ್ಳೊಳ್ಳಿ ಕುಟ್ಟಿ ಒಗ್ಗರಣಿ. ಹುಳಿ ಎಷ್ಟು ಅಂತ ಯಾವ ಪುಸ್ತಕದಾಗೂ ಬರದಿಲ್ಲ, ಚುಕ್ಕಾ ಎಷ್ಟು ಹುಳಿ ಅದ ನೋಡಿ ಹುಣಸಿ ರಸ ಹಾಕೋದು. ನಮ್ಮತ್ತಿ ಸವಟಿನ್ಯಾಗ ತಕ್ಕೊಂಡು ಅಂಗೈಮ್ಯಾಲ ಹನಿಸಿ ನೆಕ್ಕಿ ನೋಡ್ತಾರ. "ಇನ್ನಾ ಜರಾ" ಅಂದ್ರ ಇನ್ನಾ ಜರಾ. ಅವತ್ತ ಅಂದಿದ್ದು ಅಷ್ಟೇ ಎರಡು ಮಾತು. ಅಂಬಲಿಗಿ ಜೋಳದ ಹಿಟ್ಟು ಹಿಂದಿನ ದಿನಾನೇ ಹುಳಿ ಬರ್ಲಿ ಅಂತ ಇಟ್ಟಿದ್ವಿ, ಎಳ್ಳ ಹಚ್ಚಿದ ಸಜ್ಜಿ ರೊಟ್ಟಿ ಬಡಿಯೋತನಾ ಕೋಳಿ ಕೂಗ್ತು.

ಮರುದಿನ ಹೊಲದಾಗ ಜೋಳದ ದಂಟಿನ ಕೊಂಪಿ, ಅದರಾಗ ಐದು ಕಲ್ಲಿನ ಪಾಂಡವರ ಪೂಜಿ, ಚರಗ ಚೆಲ್ಲೋದು, ಎಲ್ಲಾ ಆಯ್ತು. ಊಟ ಮುಗದ ಮ್ಯಾಲ ಗಂಡಸರು ಬೇವಿನ ಗಿಡದ ಕೆಳಗ ಕುಂತು ಮನಿ ಮಾತು ತೆಗದ್ರು.

ಮನಿ ಮಾತು ಅಂದ್ರ ಕೆಡವೋ ಮಾತು. ನಮ್ಮದು ಹಳೇ ವಾಡೆ. ಮಣ್ಣಿನ ಗ್ವಾಡಿ, ಮಣ್ಣಿನ ಮಾಳಿಗಿ, ನಡುವ ಅಂಗಳ, ಪಡಸಾಲ್ಯಾಗ ಕೆತ್ತಿದ ನಾಕು ಸಾಗವಾನಿ ಕಂಬ, ಅಡಗಿಮನ್ಯಾಗ ಒಂದು ಬೆಳಕಿಂಡಿ. ಬ್ಯಾಸಗಿ ಮಧ್ಯಾಹ್ನ ಹೊರಗ ಕಾಲ ಸುಡ್ಲತಿದ್ರ ಒಳಗ ತಂಪ. ಬೆಂಗಳೂರಿಂದ ಬರೋ ನಮ್ಮ ನಾದ್ನಿ ಮಕ್ಕಳು ಕಂಬಕ್ಕ ಆತು ಫೋಟೋ ತೆಗಸ್ಕೋತಾರ, ಎಷ್ಟ್ ಚಂದ ಅತ್ತೀ ಅಂತಾರ. ಚಂದ ಖರೆ. ಆದ್ರ ಮಳಿಗಾಲದ ಮುಂಚೆ ಮಾಳಿಗಿ ಮ್ಯಾಲ ಸವುಳ ಮಣ್ಣು ಹೊತ್ತು ಹಾಕೋರು ನಾವು. ಸೋರೋ ಕಡಿ ಬೋಗುಣಿ ಇಟ್ಟು ರಾತ್ರಿ ಎದ್ದು ಚೆಲ್ಲೋರು ನಾವು. ಹೊಗಿ ಒಳಗ ಬಗ್ಗಿ ಹದಿನಾರ ವರ್ಷ ಅಡಗಿ ಮಾಡೀನಿ, ನನಗೂ ಕಲ್ಲಿನ ಕಟ್ಟಿ, ನಲ್ಲಿ, ದೊಡ್ಡ ಕಿಟಕಿ ಇರೋ ಅಡಗಿಮನಿ ಬೇಕನಿಸ್ತದ. ಅದಕ್ಕ ಮೈದುನ "ಸ್ಲ್ಯಾಬ್ ಹಾಕಿಸಮು, ಕಂಬ ಹೈದ್ರಾಬಾದ್ ಕಡೀವ್ರಿಗಿ ಮಾರಮು, ಛಲೋ ರೇಟ್ ಬರ್ತದ" ಅಂದಾಗ ನಾ ಸುಮ್ನಿದ್ದೆ. ನಮ್ಮತ್ತಿ ನನ್ನ ಮುಖ ನೋಡಿದ್ರು. ಮೊದಲು ಪಾನ್‌ದಾನ, ಈಗ ಇದು.

ಮುಂದಿನ ವಾರ ನಾನೇ ಅಂದೆ, "ಅತ್ತಿ, ನಡ್ರಿ ಬೀದರಿಗಿ ಹೋಗಿ ಬರಮು. ಇದನ್ನ ಮಾಡಿದವ್ರೇ ಸುದಾರಸ್ತಾರ." ಪಾನ್‌ದಾನ ಸೀರಿ ತುಣುಕಿನ್ಯಾಗ ಸುತ್ತಿ, ಆಧಾರ್ ಕಾರ್ಡ್ ತೋರ್ಸಿ ಇಬ್ರೂ ಬಸ್ಸಿನ್ಯಾಗ ಕುಂತ್ವಿ.

ಚೌಬಾರಾ ಬಾಜೂಕ ಬಿದ್ರಿ ಕೆಲಸದವ್ರ ಅಂಗಡಿ ಅವ. ಒಂದು ಅಂಗಡ್ಯಾಗ ಒಬ್ಬ ವಯಸ್ಸಾದ ಚಾಚಾ ಇದ್ರು. ಬಟ್ಟಿ ಬಿಚ್ಚಿದ್ದೇ ತಡ, "ಖಟ್ಟಾ ಹಾಕಿದ್ರಿ ಕ್ಯಾ ಅಮ್ಮಾ?" ಅಂದ್ರು. ನಾ ತಲಿ ಕೆಳಗ ಹಾಕಿದೆ. ಅವ್ರು ನಕ್ಕು, ಹಿಂಗ ಬಕ್ಕಳ ಮಂದಿ ತರ್ತಾರ, ಅಂಜಬ್ಯಾಡ್ರಿ ಅಂದ್ರು. ಒಂದು ಹೂವಿನ ಬೆಳ್ಳಿ ತಂತಿ ಎದ್ದಿತ್ತು, ಅದನ್ನೂ ಕೂಡಸ್ತೀನಿ ಅಂದ್ರು.

ಅಷ್ಟ ವರ್ಷ ಮನ್ಯಾಗಿದ್ರೂ ಅದು ಏನರ ಸಾಮಾನ ಅಂತ ನನಗ ಗೊತ್ತಿರ್ಲಿಲ್ಲ ನೋಡ್ರಿ. ನಾ ಕಬ್ಬಿಣ ಅಂತ ತಿಳಿದಿದ್ದೆ. ಅದು ಸತುವು, ಅದರಾಗ ಥೋಡೆ ತಾಮ್ರ. ಮಣ್ಣಿನ ಅಚ್ಚಿನ್ಯಾಗ ಎರಕ ಹುಯ್ದು, ಅರದಿಂದ ತಿಕ್ಕಿ ನುಣುಪು ಮಾಡಿ, ಮೈಲುತುತ್ತದ ನೀರ ಹಚ್ಚಿ ಜರಾ ಕಪ್ಪು ಮಾಡ್ತಾರ, ಗೆರಿ ಕಾಣ್ಲಿ ಅಂತ. ಗೆರಿ ಮ್ಯಾಲ ಸಣ್ಣ ಉಳಿಲಿಂದ ಕೊರ್ದು, ಆ ಸಂದಿನ್ಯಾಗ ಬೆಳ್ಳಿ ತಂತಿ ಇಟ್ಟು ಸುತ್ತಿಗಿಲಿಂದ ಬಡೀತಾರ. ಕಡೀಕ ಬೀದರ್ ಕೋಟಿ ಒಳಗಿನ ಹಳೇ ಮಣ್ಣು, ನವಸಾಗರ ನೀರಿನ್ಯಾಗ ಕಲಸಿ, ಸಾಮಾನ ಜರಾ ಬಿಸಿ ಮಾಡಿ ಹಚ್ಚಿ ತಿಕ್ಕಿದ್ರ ಸತುವು ಕರ್ರಗ ಆಗ್ತದ. ಬೆಳ್ಳಿ ಹಂಗೇ ಬೆಳ್ಳಗ ಉಳೀತದ. ಹುಣಸಿ ಹುಳಿ ಬಿದ್ದ ಕೂಡ್ಲೆ ಮ್ಯಾಲಿನ ಆ ಕರೀದು ಬಿಟ್ಟು ಹೋಗ್ತದ, ಅದೇ ನಾ ಮಾಡಿದ ಘನಕಾರ್ಯ.

ಚಾಚಾ ಒಂದು ಡಬ್ಬಿಯಿಂದ ಮಣ್ಣು ತೆಗದು, ಚಿಟಿಕಿ ನಾಲಿಗಿ ಮ್ಯಾಲ ಇಟ್ಟು ನೋಡಿ ಹೊರಗ ಉಗುಳಿದ್ರು. ವರ್ಷಾನುಗಟ್ಲೆ ಬಿಸಿಲು ಮಳಿ ಬೀಳದ ಕಡಿಯಿಂದ ತಂದ ಮಣ್ಣೇ ಬೇಕಂತ, ಅದು ಹೌದೋ ಅಲ್ಲೋ ಅನ್ನೋದು ನಾಲಿಗಿಗೇ ತಿಳೀತದಂತ. ನಾ ಬೆರಗಾಗಿ ನೋಡ್ಲತೀನಿ, ನಮ್ಮತ್ತಿಗಿ ಮಾತ್ರ ಏನೂ ಅನಿಸ್ಲಿಲ್ಲ. "ನಮ್ಮ ಮಾವನೋರು ಮಾಳಿಗಿ ಮಣ್ಣು ತರೋವಾಗ ಹಿಂಗೇ ನೆಕ್ಕಿ ನೋಡ್ತಿದ್ರು. ಸವುಳ ಇದ್ರ ಹುಲ್ಲ ಹುಟ್ಟಲ್ಲ" ಅಂದ್ರು. ಚಾಚಾ ಕೈ ನಿಲ್ಲಿಸಿ ಅವ್ರ ಮುಖ ನೋಡಿದ್ರು. ಆಮ್ಯಾಲ ಇಬ್ರೂ ಮಣ್ಣಿನ ಮಾತಿಗಿ ಬಿದ್ರು, ನನ್ನ ಕೇಳೋರಿಲ್ಲ. ಬೀದರಿನ ಶಾಹ್ ರಶೀದ್ ಅಹ್ಮದ್ ಖಾದ್ರಿಯವ್ರಿಗಿ ಇದೇ ಕೆಲಸಕ್ಕ 2023ರಾಗ ಪದ್ಮಶ್ರೀ ಬಂದಿದ್ದು ನೀವೂ ಟಿವ್ಯಾಗ ನೋಡೀರಿ. ಅವತ್ತು ಚಪ್ಪಾಳಿ ಹೊಡದಿದ್ದೆ, ಮನ್ಯಾಗಿನ ಪಾನ್‌ದಾನ ಅದೇ ಕೆಲಸದ್ದು ಅಂತ ತಲ್ಯಾಗ ಬಂದಿರ್ಲಿಲ್ಲ.

"ಎರಡ ತಾಸು ಬಿಟ್ಟು ಬರ್ರಿ" ಅಂದ್ರು. ಹೊತ್ತು ಕಳೀಲಾಕ ಆಟೋ ಮಾಡಿ ಕೋಟಿಗಿ ಹೋದ್ವಿ. ದಾರ್ಯಾಗ ಮಹಮೂದ್ ಗಾವಾನ್ ಮದರಸಾ ಬಂತು. 1472ರದ್ದು ಅದು, ಉಳಿದ ಮಿನಾರ ಮ್ಯಾಲ ಇನ್ನೂ ನೀಲಿ ಹಸಿರ ಹೆಂಚು ಅವ. ನಮ್ಮತ್ತಿ ಎಪ್ಪತ್ತ ವರ್ಷ ಇಲ್ಲೇ ಬಾಜೂಕ ಬದುಕ್ಯಾರ, ದವಾಖಾನಿಗಿ, ಕೋರ್ಟಿಗಿ, ಬಳಿ ತೊಡಸ್ಲಾಕ ನೂರ ಸಲ ಬೀದರಿಗಿ ಬಂದಾರ, ಕೋಟಿ ಒಳಗ ಕಾಲ ಇಟ್ಟಿದ್ದು ಅವತ್ತೇ.

ರಂಗೀನ್ ಮಹಲಿಗಿ ಬೀಗ ಇತ್ತು. ಕೇಳಿದ್ರ ತೆಗದ್ರು. 1580ರ ತನಕ ಆಳಿದ ಅಲಿ ಬರೀದ ಶಹಾ ಅದಕ್ಕ ಈಗಿನ ರೂಪ ಕೊಟ್ಟನಂತ. ಕರಿಕಲ್ಲಿನ್ಯಾಗ ಮುತ್ತಿನ ಚಿಪ್ಪು ಕೂಡಸ್ಯಾರ್ರಿ, ಬಾಗಿಲದಾಗಿಂದ ಬೆಳಕ ಬಿದ್ರ ನಸುಗೆಂಪು, ನೀಲಿ ಮಿಂಚ್ತಾವ. ಅದನ್ನ ನೋಡಿ ನನಗ ಪಾನ್‌ದಾನೇ ನೆನಪಾಯ್ತು, ಕರೀದರ ಮ್ಯಾಲ ಬಿಳೀದು. ನಮ್ಮತ್ತಿ ಚಿಪ್ಪಿನ ಕಡಿ ಒಂದ ಸಲ ನೋಡಿ, ಕಟ್ಟಿಗಿ ಕಂಬದ ಮುಂದ ಹೋಗಿ ನಿಂತ್ರು. ಕೆತ್ತನಿ ತುಂಬಿದ ಕಂಬ. ಮುಟ್ಟಬಾರದು ಅಂತ ಹಿಂದ ಕೈ ಕಟ್ಟಿಕೊಂಡು ಕೆಳಗಿಂದ ಮ್ಯಾಲ ತನಕ ನೋಡಿದ್ರು. "ಇವು ಎಷ್ಟ ವರ್ಷದ್ದು?" ಅಂದ್ರು. ನಾಕನೂರರ ಮ್ಯಾಲ ಅಂದೆ. "ಹುಳ ಹತ್ತಿಲ್ಲ ನೋಡು" ಅಂದ್ರು. ಮತ್ತೇನೂ ಅನ್ನಲಿಲ್ಲ.

ಮ್ಯೂಸಿಯಂ ಇರೋ ಕಟ್ಟಡ ಹಿಂದ ರಾಜರ ಹಮಾಮ, ಅಂದ್ರ ಬಚ್ಚಲಮನಿ. ಅದರ ಹಂತ್ಯಾಕೇ ಶಾಹಿ ಮತಬಖ್, ರಾಜರ ಅಡಗಿಮನಿ. ಅದನ್ನ ನೋಡ್ಲಾಕ ಯಾರೂ ನಿಲ್ಲಂಗಿಲ್ಲ, ಎಲ್ಲೋರೂ ಮಹಲಿಗೇ ಓಡ್ತಾರ. ನಮ್ಮತ್ತಿ ಅಲ್ಲೇ ಮೊಣಕಾಲ ಹಿಡಕೊಂಡು ಕುಂತ್ರು. "ಒಲಿ ಎಲ್ಲಿತ್ತು? ಹೊಗಿ ಯಾ ಕಡಿ ಹೋಗ್ತಿತ್ತು? ಇಷ್ಟ ಮಂದಿಗಿ ಹಿಟ್ಟ ಯಾರು ಬೀಸ್ತಿದ್ರು?" ಅಂತ ನನ್ನ ಕೇಳ್ಲತಾರ. ನನಗೇನ್ ಗೊತ್ತು? ಕಟ್ಟಿಕೊಂಡು ಬಂದ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದ್ವಿ. ರಾಜರ ಅಡಗಿಮನಿ ನೆಳ್ಳಿಗಿ ಕುಂತು ಉಂಡ್ವಿ. ತುತ್ತು ಬಾಯಾಗ ಇಟ್ಟುಕೊಂಡೇ ಅಂದ್ರು, "ನೀ ಹೊಗ್ಯಾಗ ಭಾಳ ತ್ರಾಸ ತಗೊಂಡಿ. ಹೊಸ ಅಡಗಿಮನಿ ಕಟ್ಟಿಸ್ಕೋ. ಕಂಬ ಮಾರ್ಲಾಕ ಮಾತ್ರ ನಾ ಕೊಡಂಗಿಲ್ಲ, ನೀನೂ ನನ್ನ ಕಡಿ ಮಾತಾಡಬೇಕು."

ಹ್ಞೂಂ ಅಂದೆ. ಕಣ್ಣಾಗ ನೀರ ಬಂತು, ಹಿಂಡಿ ಖಾರ ಅದ ಅಂದೆ.

ವಾಪಸ ಬಂದಾಗ ಪಾನ್‌ದಾನ ತಯಾರ ಇತ್ತು. ಚಾಚಾ ಎಣ್ಣಿ ಬಟ್ಟಿಲಿಂದ ಕಡೀ ಸಲ ಒರಸ್ಲತಿದ್ರು. ಕಾಡಿಗಿ ಹಂಗ ಕರ್ರಗ ಆಗಿತ್ತು, ಅದರ ಮ್ಯಾಲ ಬಳ್ಳಿ ಬೆಳ್ಳಗ ಎದ್ದು ಕಾಣ್ಲತಿತ್ತು. ಮುನ್ನೂರ ರೂಪಾಯಿ ತಗೊಂಡ್ರು. ಹುಳಿ, ನಿಂಬಿ, ಬೂದಿ, ಪಾತ್ರಿ ತಿಕ್ಕೋ ಸಾಬೂನು ಒಂದೂ ತಾಗಿಸಬ್ಯಾಡ್ರಿ, ಧೂಳ ಕುಂತ್ರ ಮೆತ್ತನ ಬಟ್ಟಿಗಿ ಎರಡ ಹನಿ ಕೊಬ್ಬರಿಎಣ್ಣಿ ಹಾಕಿ ಒರಸ್ರಿ ಅಂದ್ರು. ನೀವೂ ಬರದಿಟ್ಕೋರಿ. ನಮ್ಮತ್ತಿ ಮುಚ್ಚಳ ಟಕ್ ಅಂತ ಮುಚ್ಚಿ ನೋಡಿದ್ರು, ಸಪ್ಪಳ ಅದೇ.

ಮನ್ಯಾಗ ಜಗಳ ಆಯ್ತು, ಮುಚ್ಚಿಡೋದೇನಿಲ್ಲ. ಮೈದುನ ಎರಡ ದಿನ ನನ್ನ ಕೂಡ ಮಾತಾಡ್ಲಿಲ್ಲ. ನೆಗೆಣ್ಣಿ ಮೊದಲ ಅವನ ಕಡಿ ಇದ್ಲು, ಆಮ್ಯಾಲ "ಕಂಬ ಕೊಟ್ಟು ಬರೋ ರೊಕ್ಕ ಟೈಲ್ಸಿಗೂ ಸಾಲಲ್ಲ" ಅಂತ ಲೆಕ್ಕ ಹೇಳಿದ್ಲು, ಅಲ್ಲಿಗಿ ಬಗೆಹರೀತು. ಹಿಂದಿನ ಭಾಗ ಕೆಡವೋದು, ಅಲ್ಲಿ ಸ್ಲ್ಯಾಬ್ ಹಾಕಿ ಅಡಗಿಮನಿ. ಪಡಸಾಲಿ, ನಾಕು ಕಂಬ ಇದ್ದಂಗೇ ಇರೋದು, ಮಾಳಿಗಿ ಮ್ಯಾಲ ಪತ್ರಾ.

ಹಿಂದಿನ ಗ್ವಾಡಿ ಕೆಡವಿದ ದಿನ ನಮ್ಮತ್ತಿ ಅಳ್ತಾರಂತ ನಾವು ಅಂದ್ಕೊಂಡಿದ್ವಿ. ಅವ್ರು ಧೂಳಿನ್ಯಾಗೇ ಹೋಗಿ, ಗ್ವಾಡಿ ಹೊಟ್ಟ್ಯಾಗಿನ ಮಣ್ಣು ಒಂದು ಬೊಗಸಿ ತೆಗದು ಪ್ಲಾಸ್ಟಿಕ್ ಚೀಲದಾಗ ಕಟ್ಟಿದ್ರು. ಮರುದಿನ ನನ್ನ ಕರಕೊಂಡು ಮತ್ತ ಬೀದರಿಗಿ. ಚಾಚಾನ ಮುಂದ ಇಟ್ಟು, "ನಮ್ಮ ಅಜ್ಜ ಮಾವನ ಕಾಲದ ಮಣ್ಣಿದು. ಬಿಸಿಲ ಕಂಡಿಲ್ಲ, ಮಳಿ ಕಂಡಿಲ್ಲ. ನಿಮ್ಮ ಕೆಲಸಕ್ಕ ಬರ್ತದೇನ ನೋಡ್ರಿ" ಅಂದ್ರು. ಚಾಚಾ ಚಿಟಿಕಿ ತಗೊಂಡು ನಾಲಿಗಿ ಮ್ಯಾಲ ಇಟ್ರು. ಭಾಳ ಹೊತ್ತು ಕಣ್ಣ ಮುಚ್ಚಿ ನೋಡಿ, ಉಗುಳಿ, "ಅಚ್ಛೀ ಮಿಟ್ಟಿ ಅದ ಅಮ್ಮಾ, ಮಗರ ಇದ್ರಾಗ ದಮ್ ಇಲ್ಲ" ಅಂದ್ರು.

ಬಸ್ಸಿನ್ಯಾಗ ಜನವಾಡ ಬರೋತನಾ ನಮ್ಮತ್ತಿ ಸಿಟ್ಟಿಲೇ ಕುಂತಿದ್ರು. "ದಮ್ ಇಲ್ಲಂತ! ಅವನಿಗೇನ್ ಗೊತ್ತು ನಮ್ಮ ಮಣ್ಣು" ಅಂತ ನಾಕ್ ಸಲ ಅಂದ್ರು. ಮನಿಗಿ ಬಂದು ಆ ಮಣ್ಣು ಕರಿಬೇವಿನ ಬುಡಕ್ಕ ಹಾಕಿ, ಪಾನ್‌ದಾನ ತೆಗದು ಗುಳಗಿ ನುಂಗಿ, ಸಂಜಿಗಿ ಏನ್ ಪಲ್ಯ ಮಾಡ್ತಿ ಅಂತ ಕೇಳಿದ್ರು. ಪುಂಡಿ ಅಂದೆ.